ಮಾಂಸ ಬಿಟ್ಟರೆ ಸಾಲದು, ಬೇಳೆ ಉಣ್ಣಬೇಕು

ಶರಣ ಪರಂಪರೆಯಲ್ಲಿ ಉಣ್ಣುವ ಅನ್ನಕ್ಕೆ ದೊಡ್ಡ ಸ್ಥಾನವಿದೆ. ಲಿಂಗಕ್ಕೆ ಅರ್ಪಿತವಾಗುವ ತನಕ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದವೆಂದು ಕೈಗೆತ್ತಿಕೊಂಡ ತುತ್ತು ಎಲ್ಲಿಂದ ಬಂತು, ಯಾರ ಬೆವರಿನಿಂದ ಬಂತು, ಯಾವ ಜೀವವನ್ನು ನೋಯಿಸಿ ಬಂತು ಎಂದು ಕೇಳಿಕೊಳ್ಳುವುದು ಆದ್ದರಿಂದ ನಮಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಜಿಲ್ಲೆಯದೇ ಆದ ಕಲ್ಯಾಣದ ನೆಲದಲ್ಲಿ ಬಸವಾದಿ ಶರಣರು ಸಕಲ ಜೀವಿಗಳ ಮೇಲಿನ ದಯೆಯನ್ನು ಧರ್ಮದ ನಡುಮನೆಗೆ ತಂದು ನಿಲ್ಲಿಸಿದರು. ಇಂದು ಜಗತ್ತಿನ ವಿಜ್ಞಾನಿಗಳು ಬೇರೊಂದು ದಾರಿಯಿಂದ ಅದೇ ಪ್ರಶ್ನೆಯ ಮುಂದೆ ಬಂದು ನಿಂತಿದ್ದಾರೆ. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ನಾವು ಉಣ್ಣುವ ಆಹಾರವೂ ಒಂದು ಕಾರಣ, ಆದ್ದರಿಂದ ಮಾಂಸಾಹಾರವನ್ನು ಕಡಿಮೆ ಮಾಡಬೇಕು ಎಂಬುದು ಅವರ ಸಲಹೆ.

ಈ ಸಲಹೆ ಕಿವಿಗೆ ಬಿದ್ದೊಡನೆ ಬೀದರ, ಭಾಲ್ಕಿ, ಔರಾದಗಳ ಅನೇಕ ಭಕ್ತರ ಮನೆಗಳಲ್ಲಿ ಒಂದು ಸಮಾಧಾನ ಮೂಡುತ್ತದೆ. "ನಾವು ಹಿಂದಿನಿಂದಲೂ ಮಾಂಸ ಮುಟ್ಟಿದವರಲ್ಲ, ಇದು ನಮಗೆ ಹೇಳಿದ ಮಾತಲ್ಲ" ಎಂಬ ಸಮಾಧಾನ ಅದು. ಆ ಸಮಾಧಾನವನ್ನು ತುಸು ಒರೆಗೆ ಹಚ್ಚಿ ನೋಡಬೇಕೆಂದು ನಾವು ಈ ಮಾತುಗಳನ್ನು ಬರೆಯುತ್ತಿದ್ದೇವೆ. ಮಾಂಸ ಬಿಟ್ಟದ್ದು ಒಳ್ಳೆಯದೇ. ಆದರೆ ಬಿಟ್ಟ ಜಾಗದಲ್ಲಿ ಏನನ್ನು ಇಟ್ಟಿದ್ದೇವೆ? ನಮ್ಮ ಹೊಲ ಯಾರಿಗಾಗಿ ಬೆಳೆಯುತ್ತಿದೆ? ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದರೆ, ಪರಿಸರಕ್ಕೂ ನಮ್ಮ ಆರೋಗ್ಯಕ್ಕೂ ಒಂದೇ ಮದ್ದು ಇರುವುದು ಕಾಣುತ್ತದೆ. ಅದು ಬೇಳೆಕಾಳು. ಅದನ್ನು ತಟ್ಟೆಗೂ ಹೊಲಕ್ಕೂ ಮರಳಿ ತರುವುದು ಈ ಕಾಲದ ನಮ್ಮ ಕಾಯಕ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಏನು ಹೇಳುತ್ತದೆ?

ಆಕಳು, ಎಮ್ಮೆ, ಕುರಿ, ಆಡುಗಳಂತಹ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮೀಥೇನ್ ಎಂಬ ಅನಿಲ ಹುಟ್ಟಿ, ತೇಗಿನ ಮೂಲಕ ಹೊರಬರುತ್ತದೆ. ಇಪ್ಪತ್ತು ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ಹಿಡಿದರೆ, ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಪ್ರಬಲ. ಮನುಷ್ಯರ ಚಟುವಟಿಕೆಗಳಿಂದ ಹೊಮ್ಮುವ ಇಂತಹ ಅನಿಲಗಳಲ್ಲಿ ಪಶುಸಂಗೋಪನೆಯ ಪಾಲು ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು. 2023ರ ವರದಿಯಲ್ಲಿ ಅದೇ ಸಂಸ್ಥೆ ಈ ಪಾಲನ್ನು ಸುಮಾರು ಶೇ. 12 ಎಂದು ಹೇಳಿದೆ. ಅಂಕಿ ಬದಲಾಗಿದ್ದರೂ ಅದು ಸಣ್ಣ ಪಾಲೇನಲ್ಲ.

119 ದೇಶಗಳ ಸುಮಾರು 38,700 ಹೊಲ-ತೋಟಗಳ ಮಾಹಿತಿಯನ್ನು ಕಲೆಹಾಕಿದ ಪೂರ್ ಮತ್ತು ನೆಮೆಚೆಕ್ ಎಂಬ ವಿಜ್ಞಾನಿಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನೂರು ಗ್ರಾಂ ಪ್ರೋಟೀನ್ ಪಡೆಯಲು ಮಾಂಸಕ್ಕೆಂದೇ ಸಾಕಿದ ದನದ ಮಾಂಸವಾದರೆ ಸುಮಾರು 50 ಕಿಲೋ, ಕುರಿ ಮಾಂಸವಾದರೆ ಸುಮಾರು 20 ಕಿಲೋ, ಕೋಳಿಯಾದರೆ ಸುಮಾರು 6 ಕಿಲೋದಷ್ಟು ಅನಿಲ ಗಾಳಿಗೆ ಸೇರುತ್ತದೆ. ಬಟಾಣಿಯಾದರೆ ಅದು ಅರ್ಧ ಕಿಲೋಗಿಂತಲೂ ಕಡಿಮೆ. ಇವು ಜಗತ್ತಿನ ಸರಾಸರಿ ಅಂಕಿಗಳು. ಜೋಳದ ಕಣಿಕೆ ತಿಂದು, ಹೊಲ ಉತ್ತು, ಸಗಣಿಯನ್ನು ತಿಪ್ಪೆಗೆ ಕೊಡುವ ನಮ್ಮ ದೇವಣಿ ಎತ್ತನ್ನು ಕಾಡು ಕಡಿದು ಮಾಡಿದ ಹುಲ್ಲುಗಾವಲಿನಲ್ಲಿ ಮಾಂಸಕ್ಕಾಗಿ ಸಾಕಿದ ದನದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಪ್ರಾಣಿಮೂಲದ ಪ್ರೋಟೀನಿಗಿಂತ ಕಾಳಿನ ಪ್ರೋಟೀನ್ ಭೂಮಿಗೆ ಬಹಳ ಹಗುರ ಎಂಬುದರಲ್ಲಿ ಸಂದೇಹವಿಲ್ಲ.

ನೀರಿನ ಲೆಕ್ಕವೂ ಇದನ್ನೇ ಹೇಳುತ್ತದೆ. ನೆದರ್‌ಲ್ಯಾಂಡ್ಸ್‌ನ ಮೆಕೊನೆನ್ ಮತ್ತು ಹೂಕ್‌ಸ್ಟ್ರಾ ಎಂಬ ಸಂಶೋಧಕರ ಗಣನೆಯಂತೆ ಒಂದು ಗ್ರಾಂ ಪ್ರೋಟೀನಿಗೆ ಬೇಳೆಕಾಳು ಬೇಡುವ ನೀರು 19 ಲೀಟರ್. ಹಾಲಿಗೆ 31, ಕೋಳಿಗೆ 34, ದನದ ಮಾಂಸಕ್ಕೆ 112 ಲೀಟರ್. ನೀರಿಗಾಗಿ ಬಹಮನಿ ಅರಸರ ಕಾಲದಲ್ಲಿಯೇ ಕಲ್ಲಿನೊಳಗೆ ಸುರಂಗ ಬಾವಿ ಕೊರೆದ ಬೀದರದಂತಹ ಊರಿನವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಸಸ್ಯಾಹಾರಿಗಳಾದ ನಾವು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಹಾಲು ಮತ್ತು ಕೋಳಿ ನೀರಿನ ಲೆಕ್ಕದಲ್ಲಿ ಬಹುಪಾಲು ಸಮಸಮವಾಗಿವೆ. ಅನಿಲದ ಲೆಕ್ಕದಲ್ಲಿ ಹಾಲಿನಿಂದ ಮಾಡಿದ ಚೀಸ್ ಕೋಳಿಗಿಂತಲೂ ಭಾರ. ಭಾರತದಲ್ಲಿ ಆಕಳು-ಎಮ್ಮೆಗಳನ್ನು ಮುಖ್ಯವಾಗಿ ಸಾಕುವುದು ಹಾಲಿಗಾಗಿಯೇ. ಒಂದು ಕಿಲೋ ಪನೀರ್ ಮಾಡಲು ಐದಾರು ಲೀಟರ್ ಹಾಲು ಬೇಕು. ಇತ್ತೀಚೆಗೆ ನಮ್ಮ ಮದುವೆಗಳಲ್ಲಿ ಪನೀರ್ ಪಲ್ಯವಿಲ್ಲದಿದ್ದರೆ ಊಟವೇ ಆಗಲಿಲ್ಲವೆಂಬ ಭಾವನೆ ಬೆಳೆದಿದೆ. ಹಾಲನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಮಾಂಸ ಮುಟ್ಟದವರಿಗೆ ಹಾಲು-ಮಜ್ಜಿಗೆ ಏಕೆ ಬೇಕೆಂಬುದನ್ನು ಮುಂದೆ ನೋಡೋಣ. ಸಸ್ಯಾಹಾರವೆಂದ ಮಾತ್ರಕ್ಕೆ ನಮ್ಮ ಊಟ ಭೂಮಿಗೆ ಹಗುರವೆಂದು ಭಾವಿಸುವುದು ಸರಿಯಲ್ಲ ಎಂಬುದಷ್ಟೇ ಇಲ್ಲಿನ ಮಾತು.

ನಮ್ಮ ಹೊಲದ ಸೋಯಾ ಎಲ್ಲಿಗೆ ಹೋಗುತ್ತದೆ?

ಮುಂಗಾರಿನಲ್ಲಿ ಭಾಲ್ಕಿ, ಔರಾದ ತಾಲೂಕುಗಳ ಹೊಲಗಳತ್ತ ಕಣ್ಣು ಹಾಯಿಸಿದರೆ ಎಲ್ಲೆಲ್ಲೂ ಸೋಯಾ ಅವರೆ. ಕರ್ನಾಟಕದಲ್ಲಿ ಸೋಯಾವನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆ ನಮ್ಮದೇ. ಹೆಸರು, ಉದ್ದು, ತೊಗರಿ, ಜೋಳಗಳು ಅಕ್ಕಡಿ ಸಾಲುಗಳಾಗಿ ಒಂದೇ ಹೊಲದಲ್ಲಿ ಕೂಡಿ ಬೆಳೆಯುತ್ತಿದ್ದ ನೆಲದ ದೊಡ್ಡ ಪಾಲನ್ನು ಕೆಲವು ದಶಕಗಳಲ್ಲಿ ಈ ಒಂದು ಬೆಳೆ ಆವರಿಸಿದೆ.

ರೈತರನ್ನು ಇದಕ್ಕಾಗಿ ದೂರುವಂತಿಲ್ಲ. ಹೆಸರು, ಉದ್ದು ಕಟಾವಿಗೆ ಬರುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಹೊಲದಲ್ಲಿಯೇ ಮೊಳಕೆಯೊಡೆಯುತ್ತದೆ. ತೊಗರಿಗೆ ನೆಟೆ ರೋಗದ ಭಯ. ಬೆಲೆಯಂತೂ ಒಂದು ವರ್ಷ ಆಕಾಶಕ್ಕೆ, ಮರುವರ್ಷ ಪಾತಾಳಕ್ಕೆ. ಸೋಯಾಕ್ಕೆ ಗಾಂಧಿಗಂಜಿನಲ್ಲಿ ಕೊಳ್ಳುವವರು ಇದ್ದಾರೆ. ಅದೂ ದ್ವಿದಳ ಬೆಳೆಯೇ, ಅದರ ಬೇರಿನ ಗಂಟುಗಳೂ ಗಾಳಿಯ ಸಾರಜನಕವನ್ನು ನೆಲಕ್ಕೆ ಕೊಡುತ್ತವೆ. ಬೆಳೆಯಲ್ಲಿ ದೋಷವಿಲ್ಲ. ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಮಾತ್ರ ನಾವು ಯೋಚಿಸಬೇಕು.

ಸೋಯಾ ಕಾಳಿನಲ್ಲಿ ಎಣ್ಣೆಯ ಅಂಶ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ನೂರಕ್ಕೆ ನಲವತ್ತೈದಕ್ಕೂ ಹೆಚ್ಚು ಪಾಲು ಪ್ರೋಟೀನ್ ಇರುತ್ತದೆ. ನಮ್ಮ ದೇಶದಲ್ಲಿ ಈ ಹಿಂಡಿ ಬಹುಪಾಲು ಹೋಗುವುದು ಕೋಳಿ ಮೇವಿಗೆ. ಒಂದು ಕಿಲೋ ತೂಕದ ಕೋಳಿ ಬೆಳೆಯಲು ಗೋವಿನಜೋಳ ಮತ್ತು ಸೋಯಾ ಹಿಂಡಿ ಬೆರೆಸಿದ ಸುಮಾರು ಒಂದೂಮುಕ್ಕಾಲು ಕಿಲೋ ಮೇವು ಬೇಕು. ಆ ಒಂದು ಕಿಲೋದಲ್ಲಿ ಗರಿ, ಎಲುಬು, ಕರುಳು ಎಲ್ಲವೂ ಸೇರಿವೆ. ಮಾಂಸ ತಿನ್ನದ ಮನೆಯವರ ಹೊಲದಲ್ಲಿ ಬೆಳೆದ ಕಾಳು ಹೈದರಾಬಾದಿನ ಕೋಳಿ ಫಾರಂ ಸೇರಬಹುದು. ಆ ಮನೆಯವರು ಉಣ್ಣುವ ತೊಗರಿ ಬೇಳೆ ಮಾತ್ರ ಹಡಗು ಹತ್ತಿ ಬಂದದ್ದಾಗಿರಬಹುದು. ಬೇಳೆಕಾಳನ್ನು ಜಗತ್ತಿನಲ್ಲಿಯೇ ಅತಿ ಹೆಚ್ಚು ಬೆಳೆಯುವ, ಅತಿ ಹೆಚ್ಚು ಉಣ್ಣುವ ಭಾರತವು ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ ದೇಶಗಳಿಂದ ತೊಗರಿಯನ್ನು ತರಿಸಿಕೊಳ್ಳುತ್ತಿದೆ. ಕಪ್ಪು ಮಣ್ಣಿನ ನಾಡಿನವರಾದ ನಮಗೆ ಇದು ಸಂಕೋಚದ ವಿಷಯವಾಗಬೇಕು.

ನಮ್ಮ ತಟ್ಟೆಯಲ್ಲಿ ಏನಿದೆ?

ಈಗ ಆರೋಗ್ಯದ ಕಡೆ ತಿರುಗೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಎರಡು ಸಾವಿರ ಕ್ಯಾಲೊರಿಯ ದಿನದ ಊಟಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಅಥವಾ ಮೊಸರು, 35 ಗ್ರಾಂ ಶೇಂಗಾ-ಎಳ್ಳಿನಂತಹ ಬೀಜಗಳನ್ನು ಸೂಚಿಸುತ್ತದೆ. 85 ಗ್ರಾಂ ಬೇಳೆಯೆಂದರೆ ಬೇಯಿಸಿದ ಗಟ್ಟಿ ಬೇಳೆ ಸರಿಸುಮಾರು ಮೂರು ಬಟ್ಟಲು. ನಮ್ಮ ಎಷ್ಟು ಮನೆಗಳಲ್ಲಿ, ಅದರಲ್ಲೂ ಕೊನೆಗೆ ಉಣ್ಣುವ ತಾಯಂದಿರ ತಟ್ಟೆಯಲ್ಲಿ, ಅಷ್ಟು ಬೇಳೆ ಬೀಳುತ್ತದೆ? ಅನ್ನ ಗುಡ್ಡದಂತೆ, ಸಾರು ನೀರಿನಂತೆ, ಬೇಳೆ ತಳದಲ್ಲಿ ನಾಲ್ಕು ಕಾಳು. ಇದು ಸಸ್ಯಾಹಾರವೆಂಬುದು ನಿಜ, ಆದರೆ ಪೂರ್ಣಾಹಾರವಲ್ಲ.

ಇದರ ಫಲ ಕಣ್ಣ ಮುಂದಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. ಸಸ್ಯಾಹಾರಿ ಮನೆಗಳೂ ಮಾಂಸಾಹಾರಿ ಮನೆಗಳೂ ಇದರಲ್ಲಿ ಸೇರಿವೆ. ಆದ್ದರಿಂದ ಮಾಂಸ ಬಿಟ್ಟವರು ಅದರ ಜಾಗವನ್ನು ತುಂಬುವ ಬಗೆಯನ್ನು ಅರಿತಿರಬೇಕು.

ಹಿರಿಯರು ರೊಟ್ಟಿ-ಬೇಳೆಯನ್ನು ಜೊತೆ ಮಾಡಿದ್ದು ಸುಮ್ಮನೆ ಅಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಹೆಚ್ಚು. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ, ಧಾನ್ಯದಲ್ಲಿ ಹೆಚ್ಚು. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೆಸರು, ಮಡಕಿ, ಕಡಲೆಗಳನ್ನು ನೆನೆಸಿ ಮೊಳಕೆ ಬರಿಸಿದರೆ ಅವುಗಳಲ್ಲಿರುವ ಕಬ್ಬಿಣ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದೊಂದಿಗೆ ನಿಂಬೆರಸ, ಹಸಿ ಟೊಮ್ಯಾಟೊ ಇದ್ದರೆ ಇನ್ನೂ ಒಳ್ಳೆಯದು. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ನಮ್ಮ ಭಾಗದಲ್ಲಿ ಬಲವಾಗಿದೆ. ಚಹಾ ಈ ಕಬ್ಬಿಣವನ್ನು ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಬಿ12 ಜೀವಸತ್ವದ ವಿಷಯ ಬೇರೆ. ಅದು ಕಾಳಿನಲ್ಲಾಗಲಿ ಸೊಪ್ಪಿನಲ್ಲಾಗಲಿ ಸಿಗುವುದಿಲ್ಲ. ಮಾಂಸ, ಮೊಟ್ಟೆ ತಿನ್ನದವರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಸರೆ. ಕೈಕಾಲು ಜುಮುಗುಡುವುದು, ಸದಾ ಆಯಾಸ, ಮರೆವು ಕಾಣಿಸಿದರೆ, ವಿಶೇಷವಾಗಿ ವಯಸ್ಸಾದವರು ಮತ್ತು ಗರ್ಭಿಣಿಯರು, ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು. ಅವರು ಗುಳಿಗೆ ಬರೆದುಕೊಟ್ಟರೆ ಸೇವಿಸಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಬೇಳೆಯನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಯಾರ ತಟ್ಟೆಗೂ ಕೈ ಹಾಕುವುದು ಬೇಡ

2021ರ ಡಿಸೆಂಬರಿನಲ್ಲಿ ಬೀದರ ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ 1ರಿಂದ 8ನೇ ತರಗತಿಯ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆಯನ್ನು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನು ಕೊಡಲು ಸರ್ಕಾರ ಆರಂಭಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತು. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳ ಅಪೌಷ್ಟಿಕತೆಯನ್ನು ಕಂಡ ಅನೇಕರು ಸಮರ್ಥಿಸಿದರು. ಇಂದು ಅದೇ ಚರ್ಚೆಗೆ ಪರಿಸರದ ಹೆಸರನ್ನೂ ಸೇರಿಸುವ ಮಾತುಗಳು ಕೇಳಬರುತ್ತಿವೆ. ಈ ವಿಷಯದಲ್ಲಿ ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ.

ಮಾಂಸ ಕಡಿಮೆ ಮಾಡಿರೆಂಬ ಕರೆ ಹೆಚ್ಚು ತಿನ್ನುವವರಿಗೆ ಕೊಟ್ಟದ್ದು. ಆಹಾರ ಮತ್ತು ಭೂಮಿಯ ಆರೋಗ್ಯವನ್ನು ಒಟ್ಟಿಗೆ ತೂಗಿದ 2019ರ ಈಟ್–ಲ್ಯಾನ್ಸೆಟ್ ಆಯೋಗದ ವರದಿಯೇ ದಕ್ಷಿಣ ಏಷ್ಯಾದ ಜನ ತಿನ್ನುವ ಕೆಂಪು ಮಾಂಸವು ತಾನು ಸೂಚಿಸಿದ ಮಿತಿಗಿಂತ ಕಡಿಮೆ ಎಂದು ತೋರಿಸಿದೆ. ಕೂಲಿಗೆ ಹೋಗುವ ತಾಯಿಯ ಮಗುವಿಗೆ ಶಾಲೆಯಲ್ಲಿ ಸಿಗುವ ಒಂದು ಮೊಟ್ಟೆ ಭೂಮಿಯನ್ನು ಬಿಸಿ ಮಾಡಿಲ್ಲ. ಆ ಮೊಟ್ಟೆ ಬೇಡವೆನ್ನುವವರು ಮೊದಲು ಅದಕ್ಕೆ ಸಮನಾದ ಆಹಾರವನ್ನು ಆ ಮಗುವಿನ ತಟ್ಟೆಯಲ್ಲಿ ಇಟ್ಟು ನಂತರ ಮಾತನಾಡಬೇಕು. ನಮ್ಮ ಮಠಕ್ಕೆ ನಡೆದುಕೊಳ್ಳುವ ಭಕ್ತರಲ್ಲಿ ಎಲ್ಲ ಕುಲ, ಎಲ್ಲ ಕಾಯಕದವರೂ ಇದ್ದಾರೆ. ಕೆಲವರ ಮನೆಯಲ್ಲಿ ಮಾಂಸ ಬೇಯುತ್ತದೆ, ಕೆಲವರ ಮನೆಯಲ್ಲಿ ಇಲ್ಲ. ಊಟದ ಆಧಾರದ ಮೇಲೆ ಮೇಲು-ಕೀಳು ಎಣಿಸಿದರೆ ಕಲ್ಯಾಣದ ಶರಣರ ಮಾರ್ಗಕ್ಕೆ ನಾವೇ ಬೆನ್ನು ತಿರುಗಿಸಿದಂತಾಗುತ್ತದೆ.

ಮಾಂಸ ತಿನ್ನುವ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ವಾರಕ್ಕೆ ನಾಲ್ಕು ದಿನ ತಿನ್ನುವವರು ಎರಡು ದಿನಕ್ಕೆ ತನ್ನಿರಿ, ಉಳಿದ ದಿನ ಗಟ್ಟಿ ಬೇಳೆ, ಕಾಳು ಪಲ್ಯ ಮಾಡಿರಿ. ನಿಮ್ಮ ಖರ್ಚೂ ಇಳಿಯುತ್ತದೆ, ಹೃದಯಕ್ಕೂ ಹಿತ. ಮನೆಯಲ್ಲಿ ಸಸ್ಯಾಹಾರಿಗಳಾಗಿ, ಹೈದರಾಬಾದ್-ಪುಣೆಗಳಿಗೆ ಓದಲು, ದುಡಿಯಲು ಹೋದಾಗ ಹೊರಗೆ ಮಾಂಸ ತಿನ್ನುವ ಯುವಕರೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನಾವು ಜಾತಿಯ ಕಟ್ಟಳೆಯನ್ನು ಹೇಳಿದೆವೇ ಹೊರತು ದಯೆಯ, ನೀರಿನ, ನೆಲದ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಲಿಲ್ಲ. ಕಾರಣ ತಿಳಿದವರು ಯಾರೂ ನೋಡದ ಕಡೆಯಲ್ಲಿಯೂ ನಡೆಯನ್ನು ಉಳಿಸಿಕೊಳ್ಳುತ್ತಾರೆ.

ಮನೆಯಲ್ಲಿ, ಹೊಲದಲ್ಲಿ, ದಾಸೋಹದಲ್ಲಿ

ಮನೆಯಲ್ಲಿ ಮೊದಲು ಆಗಬೇಕಾದದ್ದು ಸಾರನ್ನು ಗಟ್ಟಿ ಮಾಡುವುದು. ಪುಂಡಿ ಪಲ್ಯಕ್ಕೆ ಒಂದು ಹಿಡಿ ತೊಗರಿ ಬೇಳೆ ಹೆಚ್ಚಿಗೆ ಬೀಳಲಿ. ವಾರಕ್ಕೆರಡು ದಿನ ಜುಣಕ, ಎರಡು ದಿನ ಮೊಳಕೆ ಕಾಳು ಇರಲಿ. ಅಗಸಿ ಹಿಂಡಿ, ಶೇಂಗಾ ಹಿಂಡಿ ಊಟಕ್ಕೆ ತಪ್ಪದಿರಲಿ. ಸೋಯಾ ಬೆಳೆಯುವವರು ಮನೆಬಳಕೆಗೆ ಒಂದಿಷ್ಟು ಕಾಳು ಉಳಿಸಿಕೊಂಡು, ಚೆನ್ನಾಗಿ ಹುರಿದು, ಒಂಬತ್ತು ಪಾಲು ಗೋಧಿಗೆ ಒಂದು ಪಾಲು ಬೆರೆಸಿ ಬೀಸಿಸಿದರೆ ಚಪಾತಿಯ ಪ್ರೋಟೀನ್ ಹೆಚ್ಚುತ್ತದೆ. ಹಸಿ ಸೋಯಾದಲ್ಲಿ ಪಚನಕ್ಕೆ ಅಡ್ಡಿಮಾಡುವ ಅಂಶವಿರುವುದರಿಂದ ಹುರಿಯದೆ ಅಥವಾ ಬೇಯಿಸದೆ ಬಳಸಬಾರದು. ಥೈರಾಯ್ಡ್ ಗುಳಿಗೆ ಸೇವಿಸುವವರು ಗುಳಿಗೆಗೂ ಸೋಯಾ ಆಹಾರಕ್ಕೂ ಕೆಲವು ಗಂಟೆಗಳ ಅಂತರವಿಡಬೇಕು.

ಹೊಲದಲ್ಲಿ ಸೋಯಾವನ್ನು ಪೂರ್ತಿ ಬಿಡಬೇಕೆಂದಿಲ್ಲ. ಸೋಯಾದ ಕೆಲವು ಸಾಲುಗಳ ನಡುವೆ ತೊಗರಿಯ ಒಂದೆರಡು ಸಾಲು ಬಂದರೆ ಸಾಕು. ಆಳಕ್ಕಿಳಿಯುವ ತೊಗರಿಯ ಬೇರು ಮಳೆ ಕೈಕೊಟ್ಟಾಗಲೂ ತಡೆದುಕೊಳ್ಳುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಮನೆಗೆ ಬೇಕಾಗುವಷ್ಟು ಹೆಸರು, ಉದ್ದನ್ನು ಒಂದು ಎಕರೆಯ ಅಂಚಿನಲ್ಲಾದರೂ ಬೆಳೆಯೋಣ. ಹೊಲವಿಲ್ಲದ ನಗರದ ಭಕ್ತರು ಪರಿಚಿತ ರೈತರಿಂದ ವರ್ಷದ ಬೇಳೆಯನ್ನು ಸುಗ್ಗಿಯಲ್ಲಿಯೇ ನೇರವಾಗಿ ಕೊಂಡರೆ ಇಬ್ಬರಿಗೂ ಲಾಭ. ಕೊಳ್ಳುವವರು ಇದ್ದಾರೆಂಬ ಭರವಸೆಯಿದ್ದರೆ ರೈತರು ಬೇಳೆ ಬೆಳೆಯದೆ ಇರುವುದಿಲ್ಲ.

ದಾಸೋಹದಲ್ಲಿಯೂ ಮದುವೆ-ಜಾತ್ರೆಗಳಲ್ಲಿಯೂ ಪನೀರಿನ ಜಾಗದಲ್ಲಿ ಕಾಳಿನ ಪಲ್ಯ, ಹತ್ತು ಬಗೆಯ ಸಿಹಿಯ ಜಾಗದಲ್ಲಿ ಒಂದು ಹೂರಣದ ಹೋಳಿಗೆ ಸಾಕು. ಎಲೆಯಲ್ಲಿ ಬಿಟ್ಟೆದ್ದ ಅನ್ನ ಸಸ್ಯಾಹಾರವಾಗಿದ್ದರೂ ಭೂಮಿಗೆ ಭಾರವೇ. ಅದನ್ನು ಬೆಳೆಯಲು ಹರಿದ ನೀರು, ಸುರಿದ ಗೊಬ್ಬರ, ಬಗ್ಗಿದ ಬೆನ್ನು ಎಲ್ಲವೂ ವ್ಯರ್ಥವಾಗುತ್ತವೆ. ಪ್ರಸಾದವನ್ನು ಚೆಲ್ಲಬಾರದೆಂದು ಕಲಿತವರಿಗೆ ಇದನ್ನು ಇನ್ನೊಮ್ಮೆ ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ ಎಂಬುದೇ ನಮ್ಮ ಧೈರ್ಯ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಭಾಗದ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧು-ಬಳಗ, ಆಳು-ಹೋಳುಗಳೊಂದಿಗೆ ಕುಳಿತು ಉಣ್ಣುತ್ತವೆ. ಅಂದಿನ ಭಜ್ಜಿಯಲ್ಲಿ ಹಸಿ ತೊಗರಿ, ಅವರೆ, ಬಟಾಣಿ, ಕಡಲೆ ಹಿಟ್ಟು, ಬಗೆಬಗೆಯ ಸೊಪ್ಪು. ಜೊತೆಗೆ ಸಜ್ಜೆ ರೊಟ್ಟಿ, ಜೋಳದ ಅಂಬಲಿ. ಜಗತ್ತಿನ ವಿಜ್ಞಾನಿಗಳು ಭೂಮಿಗೆ ಹಗುರವೂ ದೇಹಕ್ಕೆ ಹಿತವೂ ಆದ ಊಟವೆಂದು ಬರೆಯುತ್ತಿರುವ ಪಟ್ಟಿಯೆಲ್ಲ ಆ ಬುಟ್ಟಿಯಲ್ಲಿದೆ. ವರ್ಷಕ್ಕೊಮ್ಮೆ ಹಬ್ಬವೆಂದು ಉಣ್ಣುವ ಆ ಊಟವನ್ನು ವಾರದ ಊಟವಾಗಿಸಿಕೊಂಡರೆ, ಆ ಕಾಳುಗಳನ್ನು ನಮ್ಮ ಹೊಲದಲ್ಲಿಯೇ ಬೆಳೆದುಕೊಂಡರೆ, ಮಾಂಸ ಬಿಟ್ಟ ನಮ್ಮ ವ್ರತಕ್ಕೆ ಪೂರ್ಣತೆ ಬರುತ್ತದೆ. ಈ ಮುಂಗಾರಿಗೆ ಬಿತ್ತನೆ ಬೀಜ ತರಲು ಹೊರಟಾಗ ಸೋಯಾ ಚೀಲದ ಜೊತೆಗೆ ತೊಗರಿಯ ಒಂದು ಸಣ್ಣ ಗಂಟನ್ನೂ ಸದ್ಭಕ್ತರು ಮನೆಗೆ ತರಲೆಂದು ಕೋರುತ್ತೇವೆ.

ಶರಣು ಶರಣಾರ್ಥಿ.